ತಕ್ಕಡಿಯೂ ನಂಬಿಕೆಯೂ: ಒಂದು ಅಮೆರಿಕನ್ ಅಂಗಡಿಯ ಏಳುಬೀಳು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವ್ಯಾಪಾರ ಮತ್ತು ನೈತಿಕತೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ನನ್ನನ್ನು ಕೇಳಿಕೊಂಡರು. ಒಪ್ಪಿಕೊಂಡೆ. ಆದರೆ ಈ ವಿಷಯದ ಮೇಲೆ ಉಪದೇಶ ಮಾಡುವುದು ಸುಲಭ, ಕೇಳುವವರಿಗೆ ಕಷ್ಟ. ವಾಣಿಜ್ಯ ಶಾಸ್ತ್ರವನ್ನು ಹಲವು ವರ್ಷ ಕಲಿಸಿದ ಅನುಭವದಿಂದ ಹೇಳುವುದಾದರೆ, ವಿದ್ಯಾರ್ಥಿಗಳು ಉಪದೇಶವನ್ನು ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ, ಕಥೆಯನ್ನು ಮರೆಯುವುದಿಲ್ಲ. ಆದ್ದರಿಂದ ಇಂದು ಒಂದು ಅಂಗಡಿಯ ಕಥೆಯನ್ನು ಹೇಳುತ್ತೇನೆ. ಅದು ನಮ್ಮ ಊರಿನ ಅಂಗಡಿಯಲ್ಲ, ಅಮೆರಿಕದ್ದು. ಹೆಸರು ಹೋಲ್ ಫುಡ್ಸ್ ಮಾರ್ಕೆಟ್. ನಿಮ್ಮಲ್ಲಿ ಕೆಲವರ ಅಣ್ಣಂದಿರೋ ಮಾವಂದಿರೋ ಅಮೆರಿಕದಲ್ಲಿದ್ದರೆ ಅವರಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿನ ಜನ ಅದಕ್ಕೆ ತಮಾಷೆಯಾಗಿ 'ಹೋಲ್ ಪೇಚೆಕ್' ಎಂದೂ ಹೇಳುತ್ತಾರೆ. ಅಂದರೆ ಒಳಗೆ ಹೋದರೆ ಇಡೀ ಸಂಬಳ ಖಾಲಿ!

ಅಂಗಡಿಯಲ್ಲೇ ಮಲಗಿದವರು

1978ರಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಜಾನ್ ಮ್ಯಾಕಿ ಎಂಬ 25 ವರ್ಷದ ಯುವಕ ಮತ್ತು ರೆನೆ ಲಾಸನ್ ಹಾರ್ಡಿ ಎಂಬ 21 ವರ್ಷದ ಯುವತಿ ಸೇರಿ ಒಂದು ಸಣ್ಣ ಅಂಗಡಿ ತೆರೆದರು. ಮ್ಯಾಕಿ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟವರು. ಬಂಡವಾಳ 45,000 ಡಾಲರ್, ಮನೆಯವರಿಂದ ಮತ್ತು ಗೆಳೆಯರಿಂದ ಸಾಲವಾಗಿ ತಂದದ್ದು. ಅಂಗಡಿಯ ಹೆಸರು ಸೇಫರ್‌ವೇ. ಆಗಿನ ದೊಡ್ಡ ಅಂಗಡಿ ಸರಪಳಿಯಾದ ಸೇಫ್‌ವೇಯನ್ನು ಅಣಕಿಸಿ ಇಟ್ಟ ಹೆಸರದು. ರಾಸಾಯನಿಕ ಬಣ್ಣ, ಕೃತಕ ರುಚಿ, ಕೆಡದಂತೆ ಹಾಕುವ ಔಷಧಿ ಇವು ಯಾವುವೂ ಇಲ್ಲದ ಧಾನ್ಯ, ಬೇಳೆ, ತರಕಾರಿ ಮಾರುವುದು ಅವರ ಉದ್ದೇಶ.

ದಾಸ್ತಾನು ಇಡಲು ಅಂಗಡಿಯಲ್ಲಿ ಜಾಗ ಸಾಲದೆ ಬಾಡಿಗೆ ಮನೆಯಲ್ಲಿ ಸಾಮಾನು ತುಂಬಿಸಿದರು. ಮನೆಯವರು ಹೊರಗೆ ಹಾಕಿದರು. ಬೇರೆ ದಾರಿಯಿಲ್ಲದೆ ಅಂಗಡಿಯಲ್ಲೇ ವಾಸ ಮಾಡಿದರು. ಅಲ್ಲಿ ಸ್ನಾನಕ್ಕೆ ವ್ಯವಸ್ಥೆ ಇರಲಿಲ್ಲ. ಪಾತ್ರೆ ತೊಳೆಯುವ ಯಂತ್ರಕ್ಕೆ ಜೋಡಿಸಿದ್ದ ನೀರಿನ ಕೊಳವೆಯಿಂದಲೇ ಸ್ನಾನ. ಇಂದು ಅಂಗಡಿ ಹಾಕಬೇಕಾದರೆ ಮೊದಲು ಏಸಿ ಬೇಕು, ಗಾಜಿನ ಬಾಗಿಲು ಬೇಕು ಎನ್ನುವ ನಮ್ಮ ಯುವಕರು ಇದನ್ನು ಸ್ವಲ್ಪ ಗಮನಿಸಬೇಕು.

1980ರ ಸೆಪ್ಟೆಂಬರ್ 20ರಂದು ಇವರು ಕ್ರೇಗ್ ವೆಲ್ಲರ್ ಮತ್ತು ಮಾರ್ಕ್ ಸ್ಕೈಲ್ಸ್ ಎಂಬವರ ಇನ್ನೊಂದು ಅಂಗಡಿಯೊಂದಿಗೆ ಸೇರಿಕೊಂಡು, 19 ಮಂದಿ ಕೆಲಸಗಾರರೊಂದಿಗೆ ಹೋಲ್ ಫುಡ್ಸ್ ಮಾರ್ಕೆಟ್ ಆರಂಭಿಸಿದರು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆದರೆ ವರ್ಷ ತುಂಬುವ ಮೊದಲೇ, 1981ರ ಮೇ ತಿಂಗಳ ಕೊನೆಯಲ್ಲಿ, ಆಸ್ಟಿನ್ ನಗರಕ್ಕೆ 70 ವರ್ಷಗಳಲ್ಲೇ ಕಾಣದ ನೆರೆ ಬಂತು. ಅಂಗಡಿಯೊಳಗೆ ನೀರು ನುಗ್ಗಿ ದಾಸ್ತಾನೆಲ್ಲ ನಾಶವಾಯಿತು. ನಷ್ಟ ಸುಮಾರು 4 ಲಕ್ಷ ಡಾಲರ್. ವಿಮೆ ಇರಲಿಲ್ಲ. ಲೆಕ್ಕದ ಪ್ರಕಾರ ಆ ಅಂಗಡಿಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಮರುದಿನ ಗಿರಾಕಿಗಳು ಬಂದರು, ನೆರೆಕರೆಯವರು ಬಂದರು. ಪೊರಕೆ, ಬಕೆಟ್ ಹಿಡಿದು ಕೆಲಸಗಾರರ ಜೊತೆ ನಿಂತು ಕೆಸರು ಎತ್ತಿದರು. ಸಾಮಾನು ಕೊಟ್ಟ ವರ್ತಕರು, ಸಾಲ ಕೊಟ್ಟವರು, ಹಣ ಹೂಡಿದವರು ಸ್ವಲ್ಪ ಸಮಯ ತಾಳಿಕೊಂಡರು. 28 ದಿನಗಳಲ್ಲಿ ಅಂಗಡಿ ಮತ್ತೆ ತೆರೆಯಿತು.

ಪ್ರೀತಿಯ ವಿದ್ಯಾರ್ಥಿಗಳೇ, ಇಲ್ಲಿ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗಿರಾಕಿ ಯಾಕೆ ಅಂಗಡಿಯ ಕೆಸರು ಎತ್ತುತ್ತಾನೆ? ಅವನು ಹಣ ಕೊಟ್ಟಿದ್ದಾನೆ, ಸಾಮಾನು ತಂದಿದ್ದಾನೆ, ವ್ಯವಹಾರ ಮುಗಿಯಿತಲ್ಲ? ಮುಗಿದಿರಲಿಲ್ಲ. ಇವರು ನಮ್ಮ ಆರೋಗ್ಯದ ಬಗ್ಗೆ ಕಾಳಜಿ ಇರುವವರು, ನಮಗೆ ಮೋಸ ಮಾಡದವರು ಎಂಬ ನಂಬಿಕೆ ಆ ಜನರಲ್ಲಿತ್ತು. ಜಮಾ ಖರ್ಚಿನ ಪಟ್ಟಿಯಲ್ಲಿ ಈ ನಂಬಿಕೆಗೆ ಕಾಲಂ ಇಲ್ಲ. ಆದರೆ ಆ ದಿನ ಆ ಅಂಗಡಿಯಲ್ಲಿ ಉಳಿದಿದ್ದ ಆಸ್ತಿ ಅದೊಂದೇ.

ಬೆಳವಣಿಗೆಯ ಹಾದಿ

ಅನಂತರದ ಬೆಳವಣಿಗೆ ವೇಗವಾಗಿ ಆಯಿತು. 1984ರಲ್ಲಿ ಹ್ಯೂಸ್ಟನ್, ಆಮೇಲೆ ಡಲ್ಲಾಸ್, 1988ರಲ್ಲಿ ನ್ಯೂ ಆರ್ಲಿಯನ್ಸ್, 1989ರಲ್ಲಿ ಕ್ಯಾಲಿಫೋರ್ನಿಯಾ. 1992ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ತನ್ನಂತೆಯೇ ಇದ್ದ ಸಣ್ಣ ಸರಪಳಿಗಳನ್ನು ಒಂದೊಂದಾಗಿ ಕೊಂಡುಕೊಂಡಿತು. 1992ರಲ್ಲಿ ಬ್ರೆಡ್ ಆಂಡ್ ಸರ್ಕಸ್, 1993ರಲ್ಲಿ ಮಿಸೆಸ್ ಗೂಚಸ್, 1996ರಲ್ಲಿ ಫ್ರೆಶ್ ಫೀಲ್ಡ್ಸ್. ಕೆನಡಾ ಮತ್ತು ಬ್ರಿಟನ್‌ಗೂ ಕಾಲಿಟ್ಟಿತು.

ಇದಕ್ಕೆ ಕಾಲವೂ ಅನುಕೂಲವಾಗಿತ್ತು. ಅಮೆರಿಕದಲ್ಲಿ 1990ರಲ್ಲಿ ಸಾವಯವ ಆಹಾರದ ಕಾನೂನು ಬಂತು, 2002ರ ಅಕ್ಟೋಬರ್‌ನಿಂದ ಸರ್ಕಾರದ ಸಾವಯವ ಮುದ್ರೆ ಜಾರಿಗೆ ಬಂತು. ಯಾವುದಕ್ಕೆ ಸಾವಯವ ಎನ್ನಬಹುದು ಎಂಬುದಕ್ಕೆ ನಿಯಮಗಳಾದವು. ಆದರೆ 'ನ್ಯಾಚುರಲ್' ಅಂದರೆ ನೈಸರ್ಗಿಕ ಎಂಬ ಪದಕ್ಕೆ ಅಷ್ಟು ಬಿಗಿಯಾದ ನಿಯಮ ಅಲ್ಲಿಲ್ಲ. ಒಂದೇ ಕಪಾಟಿನಲ್ಲಿ ಎರಡೂ ಪದಗಳು ಅಕ್ಕಪಕ್ಕ ಕುಳಿತಿರುತ್ತವೆ. ಗಿರಾಕಿ ಎರಡನ್ನೂ ಒಂದೇ ಎಂದು ತಿಳಿದರೆ ಅಂಗಡಿಯವನಿಗೆ ನಷ್ಟವೇನೂ ಇಲ್ಲ.

ಕಂಪನಿಯ ಒಳಗಿನ ಆಡಳಿತದಲ್ಲಿಯೂ ಮೆಚ್ಚಬೇಕಾದ ಸಂಗತಿಗಳಿದ್ದವು. ಪ್ರತಿ ಅಂಗಡಿಯ ಕೆಲಸಗಾರರನ್ನು ತಂಡಗಳಾಗಿ ಮಾಡಿ, ಹೊಸಬರನ್ನು ಕಾಯಂ ಮಾಡಲು ತಂಡದ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು ಎಂಬ ಪದ್ಧತಿ ಇಟ್ಟರು. ಅಧಿಕಾರಿಗಳ ಸಂಬಳಕ್ಕೆ ಮಿತಿ ಹಾಕಿದ್ದರು. ಸರಾಸರಿ ಕೆಲಸಗಾರನ ಸಂಬಳದ ಇಷ್ಟು ಪಟ್ಟಿಗಿಂತ ಹೆಚ್ಚು ಇರಕೂಡದು ಎಂಬ ಆ ಮಿತಿ ಮೊದಲು 8 ಪಟ್ಟು ಇತ್ತು, ಏರುತ್ತಾ 2006ರ ಹೊತ್ತಿಗೆ 19 ಪಟ್ಟು ಆಯಿತು. ಅಮೆರಿಕದ ಇತರ ದೊಡ್ಡ ಕಂಪನಿಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. 2007ರಿಂದ ಮ್ಯಾಕಿಯವರು ವರ್ಷಕ್ಕೆ ಒಂದೇ ಡಾಲರ್ ಸಂಬಳ ಪಡೆದರು. ಕೆಲಸ ಮಾಡಲು ಉತ್ತಮವಾದ 100 ಕಂಪನಿಗಳು ಎಂದು ಫಾರ್ಚೂನ್ ಪತ್ರಿಕೆ ಪ್ರತಿವರ್ಷ ಪ್ರಕಟಿಸುವ ಪಟ್ಟಿಯಲ್ಲಿ 1998ರಿಂದ ಸತತ 20 ವರ್ಷ ಈ ಕಂಪನಿಯ ಹೆಸರಿತ್ತು. ಲಾಭ ಒಂದೇ ವ್ಯಾಪಾರದ ಗುರಿಯಲ್ಲ, ಗಿರಾಕಿ, ಕೆಲಸಗಾರ, ರೈತ, ಊರು ಎಲ್ಲರ ಹಿತವನ್ನೂ ನೋಡಬೇಕು ಎಂದು ಮ್ಯಾಕಿ ವಾದಿಸುತ್ತಿದ್ದರು. 2005ರಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರೊಂದಿಗೇ ಈ ಬಗ್ಗೆ ಪತ್ರಿಕೆಯಲ್ಲಿ ಚರ್ಚೆ ನಡೆಸಿದರು. 2013ರಲ್ಲಿ ಭಾರತೀಯ ಮೂಲದ ಪ್ರಾಧ್ಯಾಪಕ ರಾಜ್ ಸಿಸೋಡಿಯಾ ಅವರ ಜೊತೆ ಸೇರಿ 'ಕಾನ್ಷಿಯಸ್ ಕ್ಯಾಪಿಟಲಿಸಂ' ಎಂಬ ಪುಸ್ತಕ ಬರೆದರು.

ಇಷ್ಟನ್ನು ಕೇಳಿದಾಗ ಇದು ಆದರ್ಶ ಕಂಪನಿ ಎನಿಸುತ್ತದೆ. ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ.

ವಿವಾದಗಳು

ಮೊದಲನೆಯದು ಕಾರ್ಮಿಕ ಸಂಘಟನೆಯ ಪ್ರಶ್ನೆ. ಎಲ್ಲರ ಹಿತವನ್ನು ನಾವೇ ನೋಡಿಕೊಳ್ಳುತ್ತೇವೆ, ಯೂನಿಯನ್ ಯಾಕೆ ಎಂಬುದು ಕಂಪನಿಯ ನಿಲುವು. 2002ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಅಂಗಡಿಯ ಕೆಲಸಗಾರರು ಯೂನಿಯನ್ ಪರವಾಗಿ ಮತ ಹಾಕಿದರು, ಆದರೆ ಆ ಯೂನಿಯನ್ ಹೆಚ್ಚು ಕಾಲ ಬಾಳಲಿಲ್ಲ.

ಎರಡನೆಯದು 2006ರಲ್ಲಿ ಬಂದ ಟೀಕೆ. ಲೇಖಕ ಮೈಕೆಲ್ ಪೊಲ್ಲಾನ್ ತಮ್ಮ ಪುಸ್ತಕವೊಂದರಲ್ಲಿ, ಈ ಅಂಗಡಿಯ ಗೋಡೆಯ ಮೇಲೆ ಸಣ್ಣ ರೈತನ ಚಿತ್ರವಿದ್ದರೂ ಕಪಾಟಿನಲ್ಲಿರುವ ಸಾವಯವ ಮಾಲು ಬಹುಪಾಲು ದೊಡ್ಡ ದೊಡ್ಡ ಕೃಷಿ ಕಂಪನಿಗಳದ್ದು ಎಂದು ತೋರಿಸಿಕೊಟ್ಟರು. ಮ್ಯಾಕಿ ಬಹಿರಂಗ ಪತ್ರ ಬರೆದು ಉತ್ತರಿಸಿದರು. ಅಷ್ಟೇ ಅಲ್ಲ, ಆ ವರ್ಷವೇ ಸ್ಥಳೀಯ ಸಣ್ಣ ಉತ್ಪಾದಕರಿಗೆ ವರ್ಷಕ್ಕೆ 1 ಕೋಟಿ ಡಾಲರ್‌ವರೆಗೆ ಸಾಲ ಕೊಡುವ ಯೋಜನೆಯನ್ನೂ ಪ್ರಕಟಿಸಿದರು. ಟೀಕೆಗೆ ಹೀಗೆ ಕೆಲಸದ ಮೂಲಕ ಉತ್ತರ ಕೊಟ್ಟದ್ದನ್ನು ನಾವು ಒಪ್ಪಬೇಕು.

ಮೂರನೆಯದು ಕಂಪನಿಗೆ ದೊಡ್ಡ ಮುಜುಗರ ತಂದ ಪ್ರಕರಣ. 2007ರ ಫೆಬ್ರವರಿಯಲ್ಲಿ ಹೋಲ್ ಫುಡ್ಸ್ ತನ್ನ ಮುಖ್ಯ ಪ್ರತಿಸ್ಪರ್ಧಿಯಾದ ವೈಲ್ಡ್ ಓಟ್ಸ್ ಸರಪಳಿಯನ್ನು ಸುಮಾರು 56.5 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಇದರಿಂದ ಪೈಪೋಟಿ ಸತ್ತು ಬೆಲೆ ಏರುತ್ತದೆ ಎಂದು ಸರ್ಕಾರದ ವ್ಯಾಪಾರ ಆಯೋಗ ಕೋರ್ಟಿಗೆ ಹೋಯಿತು. ಆ ತನಿಖೆಯ ಕಡತಗಳಿಂದ ಜುಲೈ ತಿಂಗಳಲ್ಲಿ ಒಂದು ಸಂಗತಿ ಹೊರಬಿತ್ತು. ಮ್ಯಾಕಿ 1999ರಿಂದ 2006ರವರೆಗೆ ಯಾಹೂವಿನ ಷೇರು ಚರ್ಚೆಯ ಪುಟದಲ್ಲಿ 'ರಹೋಡೆಬ್' ಎಂಬ ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದರು. ಅವರ ಪತ್ನಿಯ ಹೆಸರು ಡೆಬೋರಾ, ಆ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿದ ಹೆಸರು ಇದು. ತನ್ನ ಕಂಪನಿಯನ್ನು ಹೊಗಳುವುದು, ವೈಲ್ಡ್ ಓಟ್ಸ್ ಕಂಪನಿಯನ್ನು ತೆಗಳುವುದು ಆ ಬರಹಗಳಲ್ಲಿತ್ತು. ಮುಂದೆ ತಾನೇ ಕೊಳ್ಳಲು ಹೊರಟ ಕಂಪನಿಯನ್ನು! ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ವಿಚಾರಣೆ ನಡೆಸಿ 2008ರಲ್ಲಿ ಯಾವ ಕ್ರಮವನ್ನೂ ಕೈಗೊಳ್ಳದೆ ಮುಗಿಸಿತು. ಅಂದರೆ ಕಾನೂನಿನ ಶಿಕ್ಷೆ ಆಗಲಿಲ್ಲ. ಆದರೆ ಪಾರದರ್ಶಕತೆಯ ಬಗ್ಗೆ ಪಾಠ ಹೇಳಿದವರು ಮುಖವಾಡ ಹಾಕಿದ್ದರು ಎಂಬ ಮಾತು ಉಳಿಯಿತು. ವೈಲ್ಡ್ ಓಟ್ಸ್ ಖರೀದಿ 2007ರ ಆಗಸ್ಟ್‌ನಲ್ಲಿ ನಡೆದೇ ಹೋಯಿತು, ಆದರೆ ಕೋರ್ಟಿನ ಜಗಳ 2009ರವರೆಗೆ ಎಳೆದು, 32 ಅಂಗಡಿಗಳ ಆಸ್ತಿಯನ್ನು ಮಾರಲು ಒಪ್ಪುವುದರೊಂದಿಗೆ ರಾಜಿಯಾಯಿತು.

2009ರ ಆಗಸ್ಟ್‌ನಲ್ಲಿ ಅಧ್ಯಕ್ಷ ಒಬಾಮಾ ಅವರ ಆರೋಗ್ಯ ಯೋಜನೆಯನ್ನು ವಿರೋಧಿಸಿ ಮ್ಯಾಕಿ ಪತ್ರಿಕೆಯಲ್ಲಿ ಲೇಖನ ಬರೆದರು. ಅಂಗಡಿಯ ಗಿರಾಕಿಗಳಲ್ಲಿ ಅನೇಕರು ಆ ಯೋಜನೆಯ ಬೆಂಬಲಿಗರು. ಬಹಿಷ್ಕಾರದ ಕರೆ ಬಂತು.

ನಮ್ಮ ಸಭೆಗೆ ಹತ್ತಿರವಾದ ಒಂದು ಘಟನೆಯನ್ನೂ ಹೇಳಬೇಕು. 2011ರ ರಮಝಾನ್ ತಿಂಗಳಲ್ಲಿ ಹೋಲ್ ಫುಡ್ಸ್ ತನ್ನ ಅಂಗಡಿಗಳಲ್ಲಿ ಸ್ಯಾಫ್ರನ್ ರೋಡ್ ಎಂಬ ಹಲಾಲ್ ಆಹಾರ ಬ್ರಾಂಡ್‌ಗೆ ವಿಶೇಷ ಪ್ರಚಾರ ಕೊಟ್ಟಿತು. ಅಮೆರಿಕದ ದೊಡ್ಡ ಅಂಗಡಿ ಸರಪಳಿಯೊಂದು ರಮಝಾನನ್ನು ಹೀಗೆ ಗುರುತಿಸಿದ್ದು ಅಲ್ಲಿನ ಮುಸ್ಲಿಮರಿಗೆ ಸಂತೋಷ ತಂದಿತು. ಕೂಡಲೇ ಕೆಲವರು ವಿರೋಧದ ಬರಹ ಬರೆದರು. ಕಂಪನಿಯ ಒಂದು ವಲಯದ ಕಚೇರಿ ಹೆದರಿ, ರಮಝಾನ್ ಹೆಸರಿನ ಪ್ರಚಾರ ಬೇಡ ಎಂದು ತನ್ನ ಅಂಗಡಿಗಳಿಗೆ ಸೂಚನೆ ಕಳಿಸಿತು. ಅದು ಹೊರಬಂದು ಸುದ್ದಿಯಾದಾಗ, ಅದು ಒಂದು ವಲಯದ ಮಾತು ಮಾತ್ರ, ಪ್ರಚಾರ ಮುಂದುವರಿಯುತ್ತದೆ ಎಂದು ಕಂಪನಿ ಸ್ಪಷ್ಟಪಡಿಸಿತು. ಒಂದೇ ಕಂಪನಿಯೊಳಗೆ ಧೈರ್ಯವೂ ಅಂಜಿಕೆಯೂ ಒಟ್ಟಿಗೆ ಇದ್ದವು. ಕಪಾಟಿನಿಂದ ಹಲಾಲ್ ಪೊಟ್ಟಣ ಮಾತ್ರ ಹೋಗಲಿಲ್ಲ, ಯಾಕೆಂದರೆ ಕೊಳ್ಳುವವರು ಇದ್ದರು.

ತೂಕದ ಪ್ರಶ್ನೆ

ಈಗ ನಾನು ಮುಖ್ಯವೆಂದು ತಿಳಿದ ಘಟನೆಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ತಂದೆಯವರ ವಿಷಯ ಒಂದು ಮಾತು. ಅವರಿಗೆ ಸಣ್ಣ ದಿನಸಿ ಅಂಗಡಿ ಇತ್ತು. ಬೆಲ್ಲ ತೂಗುವಾಗ ತಟ್ಟೆಯಲ್ಲಿ ಕಾಗದ ಹಾಸುತ್ತಿದ್ದರು. ಹಾಸಿದಾಗಲೆಲ್ಲ ಅಷ್ಟೇ ದೊಡ್ಡ ಇನ್ನೊಂದು ಕಾಗದವನ್ನು ತೂಕದ ಕಲ್ಲಿನ ತಟ್ಟೆಗೂ ಹಾಕುತ್ತಿದ್ದರು. ಒಂದು ಕಾಗದದ ತೂಕ ಎಷ್ಟು ಬಾಪಾ, ಯಾರು ನೋಡುತ್ತಾರೆ ಎಂದು ನಾನು ಕೇಳಿದ್ದೆ. ಕಾಗದವನ್ನು ಬೆಲ್ಲದ ಬೆಲೆಗೆ ಮಾರುವುದು ಬೇಡ ಮಗಾ ಎಂದಷ್ಟೇ ಹೇಳಿದ್ದರು.

2014ರಲ್ಲಿ ಕ್ಯಾಲಿಫೋರ್ನಿಯಾದ ಮೂರು ನಗರಗಳ ಸರ್ಕಾರಿ ವಕೀಲರು ಹೋಲ್ ಫುಡ್ಸ್ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಇದೇ. ಸಲಾಡ್ ತೂಗುವಾಗ ಡಬ್ಬಿಯ ತೂಕವನ್ನು ಕಳೆಯುತ್ತಿರಲಿಲ್ಲ ಎಂಬುದು. ಡಬ್ಬಿಯನ್ನು ಸಲಾಡಿನ ಬೆಲೆಗೆ ಮಾರಿದಂತಾಯಿತು. ಪೊಟ್ಟಣದ ಮೇಲೆ ಬರೆದುದಕ್ಕಿಂತ ಕಡಿಮೆ ಮಾಲು ಇತ್ತು ಎಂಬ ಆರೋಪವೂ ಇತ್ತು. ಕಂಪನಿ ಸುಮಾರು 8 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಅಲ್ಲಿಗಾದರೂ ಎಚ್ಚರವಾಗಬೇಕಿತ್ತು. 2015ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ ತನ್ನ ತನಿಖೆಯನ್ನು ಪ್ರಕಟಿಸಿತು. ಅಂಗಡಿಯಲ್ಲೇ ತೂಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 80 ಬಗೆಯ ಆಹಾರಗಳನ್ನು ಪರೀಕ್ಷಿಸಿದಾಗ, ಎಲ್ಲ 80 ಬಗೆಗಳಲ್ಲಿಯೂ ತಪ್ಪು ತೂಕದ ಪೊಟ್ಟಣಗಳು ಸಿಕ್ಕಿದವು. ಹೆಚ್ಚಾಗಿ ಪಡೆದ ಹಣ ಒಂದು ಪೊಟ್ಟಣದಲ್ಲಿ 80 ಸೆಂಟ್ ಇದ್ದರೆ, ಸಿಗಡಿಯ ಒಂದು ಪೊಟ್ಟಣದಲ್ಲಿ 14 ಡಾಲರ್ 84 ಸೆಂಟ್ ಇತ್ತು. ಕಂಪನಿ ಮೊದಲು ಇಲಾಖೆಯ ಮೇಲೆಯೇ ಹರಿಹಾಯ್ದಿತು. ಕೆಲವೇ ದಿನಗಳಲ್ಲಿ ಮ್ಯಾಕಿ ಮತ್ತು ಅವರ ಜೊತೆಯ ಮುಖ್ಯಸ್ಥ ವಾಲ್ಟರ್ ರಾಬ್ ವೀಡಿಯೋದಲ್ಲಿ ಕಾಣಿಸಿಕೊಂಡು ತಪ್ಪಾಗಿದೆ ಎಂದು ಒಪ್ಪಿಕೊಂಡರು. ಬೇಕೆಂದೇ ಮಾಡಿದ್ದಲ್ಲ, ಕೆಲಸಗಾರರ ಕೈತಪ್ಪು ಎಂಬುದು ಅವರ ವಿವರಣೆ. ಡಿಸೆಂಬರ್‌ನಲ್ಲಿ 5 ಲಕ್ಷ ಡಾಲರ್‌ಗೆ ರಾಜಿಯಾಯಿತು.

ವರ್ಷಕ್ಕೆ 1,500 ಕೋಟಿ ಡಾಲರ್ ವ್ಯಾಪಾರವಿದ್ದ ಕಂಪನಿಗೆ 5 ಲಕ್ಷ ಡಾಲರ್ ಏನೂ ಅಲ್ಲ. ನಷ್ಟ ಆದದ್ದು ಬೇರೆ ಕಡೆ. ಈ ಸುದ್ದಿ ಬಂದ ಮೇಲೆ ಮಾರಾಟಕ್ಕೆ ಪೆಟ್ಟು ಬಿತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ಆ ಸೆಪ್ಟೆಂಬರ್‌ನಲ್ಲಿ 1,500 ಹುದ್ದೆಗಳನ್ನು ಕಡಿತ ಮಾಡುವುದಾಗಿ ಪ್ರಕಟಿಸಿತು. ಪೂರ್ತಿ ಕಾರಣ ತೂಕದ ತಪ್ಪು ಎಂದು ನಾನು ಹೇಳುವುದಿಲ್ಲ. ಅಷ್ಟರಲ್ಲಿ ಕ್ರೋಗರ್, ಕಾಸ್ಟ್‌ಕೋ, ವಾಲ್‌ಮಾರ್ಟ್ ಕೂಡ ಕಡಿಮೆ ಬೆಲೆಗೆ ಸಾವಯವ ಮಾಲು ಮಾರತೊಡಗಿದ್ದವು. ಆದರೆ ಯೋಚಿಸಿ. ಅದೇ ಮಾಲು ಕಡಿಮೆ ಬೆಲೆಗೆ ಬೇರೆ ಕಡೆ ಸಿಗುವಾಗ ಗಿರಾಕಿ ಹೆಚ್ಚು ಕೊಟ್ಟು ಇಲ್ಲಿಗೇ ಬರಲು ಒಂದೇ ಕಾರಣ ಇರಲು ಸಾಧ್ಯ, ಅದು ನಂಬಿಕೆ. ಯಾವ ಹೊತ್ತಿನಲ್ಲಿ ಅದು ಅತ್ಯಂತ ಅಗತ್ಯವಾಗಿತ್ತೋ ಅದೇ ಹೊತ್ತಿನಲ್ಲಿ ಅದು ಸೋರಿ ಹೋಯಿತು. 1981ರಲ್ಲಿ ಗಿರಾಕಿ ಪೊರಕೆ ಹಿಡಿದು ಬಂದಿದ್ದ. 2015ರಲ್ಲಿ ಅದೇ ಅಂಗಡಿಯ ಚೀಟಿಯನ್ನು ಅನುಮಾನದಿಂದ ಓದುತ್ತಿದ್ದ.

ಅಳತೆ ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲಿಯೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಹೆಚ್ಚು ಹೇಳಬೇಕಾಗಿಲ್ಲ.

ಕೈ ಬದಲಾಯಿತು

2017ರಲ್ಲಿ ಹೂಡಿಕೆದಾರರ ಒತ್ತಡ ಹೆಚ್ಚಾಯಿತು. ಜೂನ್ 16ರಂದು ಅಮೆಜಾನ್ ಕಂಪನಿ 1,370 ಕೋಟಿ ಡಾಲರ್‌ಗೆ ಹೋಲ್ ಫುಡ್ಸ್ ಕೊಳ್ಳುವುದಾಗಿ ಪ್ರಕಟಿಸಿತು. ಆಗಸ್ಟ್ 28ರಂದು ವ್ಯವಹಾರ ಮುಗಿಯಿತು. ಕೆಲವು ಸಾಮಾನುಗಳ ಬೆಲೆ ಕೂಡಲೇ ಇಳಿಯಿತು. ಆದರೆ 2020ರ ಆರಂಭದಿಂದ ಕಡಿಮೆ ಗಂಟೆ ದುಡಿಯುವ ಸುಮಾರು 1,900 ಮಂದಿಯ ವೈದ್ಯಕೀಯ ಸೌಲಭ್ಯ ನಿಂತಿತು. ಮ್ಯಾಕಿ 2022ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು. 2025ರ ಜನವರಿಯಲ್ಲಿ ಫಿಲಡೆಲ್ಫಿಯಾದ ಅಂಗಡಿಯ ಕೆಲಸಗಾರರು 130ಕ್ಕೆ 100 ಮತಗಳಿಂದ ಯೂನಿಯನ್ ಆರಿಸಿಕೊಂಡರು. ಅಮೆಜಾನ್ ಕೈಗೆ ಬಂದ ಮೇಲೆ ಇದೇ ಮೊದಲು. ಕಂಪನಿ ಅದನ್ನು ಒಪ್ಪದೆ ತಕರಾರು ಎತ್ತಿತು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನೋವು ತಂದದ್ದು. ಚಿಕಾಗೋ ನಗರದ ಎಂಗಲ್‌ವುಡ್ ಎಂಬುದು ಬಡವರ, ಬಹುಪಾಲು ಕಪ್ಪು ಜನರ ಬಡಾವಣೆ. ತಾಜಾ ತರಕಾರಿ ಸಿಗುವ ಅಂಗಡಿಗಳು ಅಲ್ಲಿ ಕಡಿಮೆ. ಒಳ್ಳೆಯ ಆಹಾರ ಶ್ರೀಮಂತರಿಗೆ ಮಾತ್ರವಲ್ಲ ಎಂದು ಹೇಳಿ, ನಗರಾಡಳಿತದ ಹಣಕಾಸಿನ ನೆರವಿನೊಂದಿಗೆ 2016ರಲ್ಲಿ ಹೋಲ್ ಫುಡ್ಸ್ ಅಲ್ಲಿ ಅಂಗಡಿ ತೆರೆಯಿತು. ಜನ ಸಂಭ್ರಮಪಟ್ಟರು. 2022ರಲ್ಲಿ ಆ ಅಂಗಡಿ ಮುಚ್ಚಿತು. ಇಂದು ಈ ಸರಪಳಿಗೆ 500ಕ್ಕೂ ಹೆಚ್ಚು ಅಂಗಡಿಗಳಿವೆ, ಎಂಗಲ್‌ವುಡ್‌ನಲ್ಲಿ ಇಲ್ಲ.

ನಮಗೆ ಇದರಿಂದ ಏನು?

ಈ ಕಥೆಯಿಂದ, ದೊಡ್ಡ ಕಂಪನಿಗಳೆಲ್ಲ ಮೋಸಗಾರರು ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಮ್ಯಾಕಿಯವರು ಕೆಟ್ಟ ಮನುಷ್ಯ ಎಂದೂ ನಾನು ಹೇಳುತ್ತಿಲ್ಲ. ಒಳ್ಳೆಯದನ್ನು ಮಾಡಬೇಕೆಂದೇ ಹೊರಟವರು ಅವರು, ಹಲವನ್ನು ಮಾಡಿಯೂ ತೋರಿಸಿದರು. ನಾನು ಹೇಳುವುದು ಇಷ್ಟು. ಒಳ್ಳೆಯತನದ ಹೆಸರಿನಲ್ಲಿ ಮಾರುವವನನ್ನು ಜನ ಹೆಚ್ಚು ಬಿಗಿಯಾದ ತಕ್ಕಡಿಯಲ್ಲಿ ತೂಗುತ್ತಾರೆ, ಹಾಗೆ ತೂಗುವುದು ನ್ಯಾಯವೂ ಹೌದು. ಬೇರೆ ಅಂಗಡಿಯ ಡಬ್ಬಿಯ ತೂಕ ತಪ್ಪಿದರೆ ಅದು ತಪ್ಪು ಲೆಕ್ಕ. ಇಲ್ಲಿ ತಪ್ಪಿದರೆ ಮಾತು ತಪ್ಪಿದಂತೆ.

ನಿಮ್ಮಲ್ಲಿ ಅನೇಕರು ವ್ಯಾಪಾರಿ ಮನೆತನದವರು. ಸಾವಯವ ಎಂಬ ಚೀಟಿ ಈಗ ನಮ್ಮ ಊರಿನ ಅಂಗಡಿಗಳಿಗೂ ಬಂದಿದೆ. ನಮ್ಮ ರಾಜ್ಯ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಸಾವಯವ ಆಹಾರಕ್ಕೆ ನಿಯಮಗಳನ್ನು ಮಾಡಿ 'ಜೈವಿಕ್ ಭಾರತ್' ಮುದ್ರೆ ಕೊಟ್ಟಿದೆ. ಕೊಳ್ಳುವಾಗ ಆ ಮುದ್ರೆಯನ್ನು ನೋಡಿ. ನಾಳೆ ನೀವು ಮಾರುವವರಾದರೆ, ಮುದ್ರೆಯ ಹಿಂದಿನ ಮಾಲನ್ನು ನೋಡಿ.

ಕೊನೆಯದಾಗಿ, ಸಂಘದ ಹಿರಿಯರು ಕ್ಷಮಿಸಬೇಕು, ನಮ್ಮದೇ ಮನೆಯ ಒಂದು ಮಾತು. ಇಂದು ಬೆಳಿಗ್ಗೆ ಮಹಾಸಭೆಯಲ್ಲಿ ವರ್ಷದ ಲೆಕ್ಕಪತ್ರ ಮಂಡನೆಯಾಯಿತು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಐದು ನಿಮಿಷದಲ್ಲಿ ಅಂಗೀಕಾರವಾಯಿತು. ಇದು ಪದಾಧಿಕಾರಿಗಳ ಮೇಲಿನ ನಂಬಿಕೆಯ ಗುರುತು, ಸಂತೋಷ. ಆದರೆ ನಮ್ಮ ಸಂಘವೂ ಒಳ್ಳೆಯತನದ ಹೆಸರಿನಲ್ಲಿಯೇ ಜನರ ಬಳಿ ಕೈಯೊಡ್ಡುತ್ತದೆ. ಬೀಡಿ ಕಟ್ಟುವ ತಾಯಿಯೂ ವಿದ್ಯಾರ್ಥಿವೇತನ ನಿಧಿಗೆ ಹಣ ಕೊಡುತ್ತಾಳೆ. ಅವಳು ಲೆಕ್ಕ ಕೇಳುವುದಿಲ್ಲ. ಅವಳು ಕೇಳುವುದಿಲ್ಲ ಎಂಬ ಕಾರಣಕ್ಕೇ ನಾವು ಕೇಳಬೇಕು. ಮುಂದಿನ ವರ್ಷ ಲೆಕ್ಕಪತ್ರ ಓದುವಾಗ, ವಾಣಿಜ್ಯ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳಾದರೂ ಎದ್ದು ನಿಂತು ಪ್ರಶ್ನೆ ಕೇಳಲಿ, ಪದಾಧಿಕಾರಿಗಳು ಅದನ್ನು ಅವಮಾನವೆಂದು ತಿಳಿಯದೆ ಉತ್ತರ ಕೊಡಲಿ ಎಂದು ನನ್ನ ಆಸೆ. ಹೋಲ್ ಫುಡ್ಸ್‌ನ ತೂಕವನ್ನು ಹೊರಗಿನ ಇಲಾಖೆ ಬಂದು ಪರೀಕ್ಷಿಸಬೇಕಾಯಿತು. ನಮ್ಮ ತೂಕವನ್ನು ನಾವೇ ನೋಡಿಕೊಳ್ಳೋಣ.